ಡೊಳ್ಳಪ್ಪನ ಮನೆಯಲ್ಲಿ ಎಲ್ಲವೂ ತುಂಬಿದೆ

ಮಕ್ಕಳೇ, ಹೊನ್ನಕ್ಕಿ ಕೆರೆ ಎಂದು ಒಂದು ಕೆರೆ. ಅಂಥಿಂಥ ಕೆರೆಯಲ್ಲ. ಈ ದಡದಿಂದ ಹೊರಟ ಕಾಗೆ ಆ ದಡ ಮುಟ್ಟುವಷ್ಟರಲ್ಲಿ ಅದರ ಮರಿಗಳಿಗೂ ಮರಿಗಳಾಗಿರುತ್ತಿದ್ದವು. ಕೆರೆಯ ಏರಿಯ ಮೇಲೆ ಒಂದು ಹುಣಿಸೆಮರ. ಅದರ ತುದಿಯಿಂದ ಸಂಕ್ರಾಂತಿಯ ದಿನ ಕಳಚಿದ ಹಣ್ಣು ನೆಲ ಮುಟ್ಟುವಾಗ ಯುಗಾದಿ. ನಂಬದವರು ಹೋಗಿ ಮರದ ಕೆಳಗೆ ನಿಂತು ನೋಡಬಹುದು. ಹಿಂದೆ ಹೋಗಿ ನಿಂತವರು ಇನ್ನೂ ನಿಂತೇ ಇದ್ದಾರೆ.

ಆ ಮರದ ಬೇರಿನ ಸಂದಿಯಲ್ಲಿ ಡೊಳ್ಳಪ್ಪನೆಂಬ ಹೆಗ್ಗಣ ಬಿಲ ತೋಡಿಕೊಂಡು, ಹೆಂಡತಿ ಸಣ್ಣಮ್ಮನ ಜೊತೆ ಸಂಸಾರ ಹೂಡಿದ್ದ. ಬಿಲವೆಂದರೆ ಬರೀ ತೂತಲ್ಲ. ಮುಂದೆ ಪಡಸಾಲೆ, ಅದರಾಚೆ ಅಡುಗೆಮನೆ, ಅಡುಗೆಮನೆಯ ಹಿಂದೆ ಉಗ್ರಾಣ. ಉಗ್ರಾಣದ ಗೋಡೆಗುಂಟ ಇಪ್ಪತ್ತೊಂದು ತೆಂಗಿನ ಕರಟಗಳು. ಎಲ್ಲಕ್ಕಿಂತ ದೊಡ್ಡದರಲ್ಲಿ ರಾಗಿ. ಪಕ್ಕದಲ್ಲಿ ಅಕ್ಕಿ, ತೊಗರಿ, ಅವರೆ, ಹುರುಳಿ. ಆಮೇಲೆ ಬೆಲ್ಲ, ಉಪ್ಪು, ಒಣಮೆಣಸಿನಕಾಯಿ, ಹುಣಿಸೆ. ಸಾಸಿವೆ, ಜೀರಿಗೆ, ಮೆಂತ್ಯಕ್ಕೆ ಬಸವನಹುಳುವಿನ ಚಿಪ್ಪುಗಳು, ಸಾಲಾಗಿ.

ಇಂಥ ಉಗ್ರಾಣ ಸುತ್ತ ಹದಿನಾರು ಕೆರೆಗಳಲ್ಲಿ ಯಾರಿಗೂ ಇರಲಿಲ್ಲ. ಹಾಗೆಂದು ಡೊಳ್ಳಪ್ಪನೇ ಹೇಳುತ್ತಿದ್ದ, ದಿನಕ್ಕೆ ಏಳೆಂಟು ಸಲ.

ಏರಿಯ ಮೇಲೆ ಯಾರು ಹಾದು ಹೋದರೂ ಅವನು ಬಿಡುತ್ತಿರಲಿಲ್ಲ.

“ಬಾರಯ್ಯ, ಒಂದು ಮುದ್ದೆ ಉಂಡು ಹೋಗು. ನಮ್ಮನೇಲಿ ಏನು ಕಮ್ಮಿ?”

ಉಂಡವರು ಏರಿಯ ಮೇಲೆ ನಿಂತು ತೇಗಿದರೆ, ಆಚೆ ದಡದ ಬಾತುಕೋಳಿಗಳು ಗುಡುಗೆಂದು ತಿಳಿದು ಮರಿಗಳನ್ನು ರೆಕ್ಕೆಯೊಳಗೆ ಎಳೆದುಕೊಳ್ಳುತ್ತಿದ್ದವು. ಡೊಳ್ಳಪ್ಪನೂ ಬಂದವರ ಜೊತೆ ಕೂತು ಉಣ್ಣುತ್ತಿದ್ದ. ಬಂದವರು ದಿನಕ್ಕೆ ನಾಲ್ಕು ಜನರಾದರೆ ಅವನದು ನಾಲ್ಕು ಊಟ. ಹೀಗಾಗಿ ಮೂರು ಸುಗ್ಗಿ ಕಳೆಯುವಷ್ಟರಲ್ಲಿ ಅವನ ಹೊಟ್ಟೆ ಬೆಳೆದು, ಉಗ್ರಾಣದ ಕಿರಿದಾದ ಬಾಗಿಲಲ್ಲಿ ತಲೆ ಒಳಗೆ ಹೋದರೆ ಸೊಂಟ ಹೊರಗೇ ಉಳಿಯತೊಡಗಿತು.

“ಮನೆ ಯಜಮಾನ ಕರಟ ಬಗ್ಗಿ ನೋಡಬಾರದು ಕಣೇ,” ಎಂದು ಅವನು ಹೆಂಡತಿಗೆ ಹೇಳಿದ. “ಅದು ಬಡವರ ಚಾಳಿ. ಏನು ಬೇಕೋ ನೀನು ಹೇಳು, ನಾನು ತರ್ತೀನಿ.”

ಹೇಳುವುದರಲ್ಲೇ ಇತ್ತು ತೊಡಕು.

ಆ ಮನೆಯಲ್ಲಿ ಒಂದು ಪದ್ಧತಿ. ಉಪ್ಪು ಮುಗಿದರೆ “ಉಪ್ಪು ಮುಗಿಯಿತು” ಎನ್ನುವಂತಿಲ್ಲ. “ಉಪ್ಪು ತುಂಬಿದೆ” ಎನ್ನಬೇಕು. ಅಕ್ಕಿಗೂ ಹಾಗೆಯೇ. ನಿಮ್ಮ ಅಜ್ಜಿಯರನ್ನು ಕೇಳಿ ನೋಡಿ, ಅವರೂ ಒಂದು ಕಾಲದಲ್ಲಿ ಹೀಗೆ ಹೇಳಿದವರೇ ಇರಬೇಕು. ಡೊಳ್ಳಪ್ಪನ ತಾಯಿ ಇದನ್ನು ಸೊಸೆಗೆ ಕಲಿಸಿದ್ದಳು.

“‘ಇಲ್ಲ’ ಅನ್ನೋ ಮಾತು ಪಾತ್ರೆ ಕಿವಿಗೆ ಬೀಳಬಾರದು ಕಣಮ್ಮ. ಬಿದ್ರೆ ಅದಕ್ಕೆ ಅದೇ ಅಭ್ಯಾಸ ಆಗೋಗುತ್ತೆ.”

ಆ ಮುದುಕಿ ಹಾಗೆನ್ನುವಾಗ ಕಣ್ಣನ್ನು ಕರಟದ ಕಡೆ ಹೊರಳಿಸಿ ಮೀಸೆಯನ್ನೊಮ್ಮೆ ಕುಣಿಸುತ್ತಿದ್ದಳು. ಮನೆಯವರಿಗೆ ಅರ್ಥವಾಗುತ್ತಿತ್ತು. ಅದೂ ಉಪ್ಪು ಮತ್ತು ಅಕ್ಕಿ ಎರಡಕ್ಕೆ ಮಾತ್ರ. ಉಳಿದದ್ದು ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ.

ಮುದುಕಿ ತೀರಿಕೊಂಡ ಮೇಲೆ ಒಂದು ದಿನ ಪಡಸಾಲೆಯಲ್ಲಿ ಕಪ್ಪೆಯೊಂದು ಉಣ್ಣುತ್ತ ಕೂತಿತ್ತು. ಒಳಗಿನಿಂದ ಸಣ್ಣಮ್ಮ ಕೂಗಿದಳು: “ರೀ, ಬೆಲ್ಲ ಮುಗೀತು!”

ಕಪ್ಪೆ ಕಣ್ಣರಳಿಸಿತು. ಡೊಳ್ಳಪ್ಪನಿಗೆ ನೆಲ ಬಿರಿದು ತನ್ನನ್ನು ನುಂಗಬಾರದೇ ಎನ್ನಿಸಿತು. ಅವನು ಅದಾಗಲೇ ನೆಲದೊಳಗೇ ಇದ್ದುದರಿಂದ ಅದು ಆಗಲಿಲ್ಲ.

ಕಪ್ಪೆ ಹೋದ ಕೂಡಲೇ ಹೊಸ ಕಟ್ಟಳೆ ಹೊರಟಿತು.

“ಬೆಲ್ಲ ಆಗ್ಲಿ, ಬೇಳೆ ಆಗ್ಲಿ, ಒಂದು ಸಾಸಿವೆಕಾಳೇ ಆಗ್ಲಿ, ಮುಗಿದ್ರೆ ‘ತುಂಬಿದೆ’ ಅನ್ನಬೇಕು. ಕೇಳಿಸ್ತಾ? ಈ ಮನೇಲಿ ‘ಇಲ್ಲ’ ಅನ್ನೋ ಮಾತೇ ಹುಟ್ಟಬಾರದು.”

“ನಿಜವಾಗ್ಲೂ ತುಂಬಿದ್ರೆ?” ಎಂದು ಸಣ್ಣಮ್ಮ ಕೇಳಿದಳು.

“ಆಗ್ಲೂ ತುಂಬಿದೆ ಅನ್ನು. ಅದು ನಿಜಾನೇ ಅಲ್ವಾ?”

“ಯಾವುದು ಯಾವುದು ಅಂತ ನಿಮಗೆ ಗೊತ್ತಾಗೋದು ಹೆಂಗೆ?”

“ನಾನೇನು ದಡ್ಡನೇನೇ? ದನೀಲೇ ಗೊತ್ತಾಗುತ್ತೆ ಬಿಡು.”

ಅತ್ತೆಯ ಮಾತೂ ಸಣ್ಣಮ್ಮನ ಮನಸ್ಸಿನಲ್ಲಿ ಕೂತಿತ್ತು. ಉಪ್ಪಿನ ಕರಟಕ್ಕೆ ಕಿವಿ ಇರುವುದಾದರೆ ಬೆಲ್ಲದ ಕರಟ ಏನು ಕಿವುಡೇ?

ಆ ವರ್ಷ ಬೇಸಗೆಯ ಕೊನೆಗೆ ಸಣ್ಣಮ್ಮ ಏಳು ಮರಿ ಹಾಕಿದಳು. ಆರು ಮರಿ ಗುಂಡಗಿದ್ದವು. ಏಳನೆಯದು ಹುರುಳಿಕಾಯಿಯಂತೆ ಸಣಕಲು. ಅವು ಕಣ್ಣು ಬಿಡುವ ಹೊತ್ತಿಗೆ ಪಡುವಣದಲ್ಲಿ ಮೋಡ ಕಟ್ಟತೊಡಗಿತು. ಹೊನ್ನಕ್ಕಿ ಕೆರೆಯಲ್ಲಿ ಆರಿದ್ರಾ ಮಳೆ ಹಿಡಿಯಿತೆಂದರೆ ನಲವತ್ತು ದಿನ ಬಿಡುವುದಿಲ್ಲ. ಗದ್ದೆ ಹೊಲಗಳೆಲ್ಲ ನೀರಾಗುತ್ತವೆ. ಬಿಲದ ಬಾಯಿಗೆ ಮಣ್ಣು ಮೆತ್ತಿ ಒಳಗೇ ಕೂರಬೇಕು. ಅಷ್ಟು ದಿನಕ್ಕೆ ಬೇಕಾದದ್ದನ್ನೆಲ್ಲ ಮೊದಲೇ ತಂದು ತುಂಬಿಕೊಂಡವರಿಗೆ ಊಟ, ಇಲ್ಲದವರಿಗೆ ಇಲ್ಲ. ಡೊಳ್ಳಪ್ಪನ ಮರಿಗಳು ಹಾಲು ಬಿಟ್ಟು ಅಂಬಲಿಗೆ ಬಾಯಿ ಹಾಕುವುದೂ ಸರಿಯಾಗಿ ಆ ನಲವತ್ತು ದಿನದಲ್ಲೇ. ಸಣ್ಣಮ್ಮ ದಿನಾ ಬೆಳಿಗ್ಗೆ ಉಗ್ರಾಣ ಹೊಕ್ಕು, ಕರಟಗಳನ್ನು ಒಂದೊಂದಾಗಿ ಅಲುಗಿಸಿ ನೋಡುತ್ತಿದ್ದಳು. ಬೇಸಗೆಯೆಲ್ಲ ಬಂದವರಿಗೆ ಬಡಿಸಿ ಬಡಿಸಿ ಸುಗ್ಗಿಯ ಕಾಳು ತಳ ಹತ್ತಿತ್ತು.

ಒಂದು ಬೆಳಿಗ್ಗೆ ಅವಳು ಹೇಳಿದಳು: “ರೀ, ಹುಣಿಸೆ ತುಂಬಿದೆ.”

ಹುಣಿಸೆ ನಿಜಕ್ಕೂ ತುಂಬಿತ್ತು. ಮನೆಯೇ ಹುಣಿಸೆಮರದ ಬುಡದಲ್ಲಿರುವಾಗ ಅದಕ್ಕೇನು ಬರ? ಆದರೆ ಅವಳು ಆ ಮಾತು ಹೇಳುವಾಗ ಮರಿಯೊಂದು ಅವಳ ಕಿವಿ ಕಚ್ಚಿ ಎಳೆಯಿತು. ದನಿ ನರಳಿದಂತಾಯಿತು. ಡೊಳ್ಳಪ್ಪ ಗಮನವಿಟ್ಟು ಕೇಳಿದ. ಅವನಿಗೆ ದನಿಯಲ್ಲೇ ಗೊತ್ತಾಯಿತು. ಎದ್ದು ಹೋಗಿ, ಉರಿಬಿಸಿಲಲ್ಲಿ ಮಧ್ಯಾಹ್ನದವರೆಗೆ ಹುಣಿಸೆಹಣ್ಣು ಉರುಳಿಸಿಕೊಂಡು ಬಂದ.

“ಅಯ್ಯೋ, ತುಂಬಿದೆ ಅಂದ್ನಲ್ರೀ!”

“ಅದಕ್ಕೇ ತಂದೆ.”

“ನಿಜವಾಗ್ಲೂ ತುಂಬಿತ್ತು!”

“ಹಂಗಂತ ಹೇಳಬೇಕಿತ್ತು.”

“ಹೇಳಿದ್ನಲ್ಲ, ತುಂಬಿದೆ ಅಂತ!”

ಮಾರನೆಯ ದಿನ ಸಣ್ಣಮ್ಮ ಎಚ್ಚರ ವಹಿಸಿದಳು. ಮರಿಗಳನ್ನು ಆಚೆ ಮಲಗಿಸಿ, ಗಂಡನ ಎದುರು ನಿಂತು, ಒತ್ತಿ ಹೇಳಿದಳು: “ಹುಣಿಸೆ ತುಂಬಿ ತುಳುಕ್ತಾ ಇದೆ.”

ಡೊಳ್ಳಪ್ಪ ಯೋಚಿಸಿದ. ಬರೀ ಮುಗಿದರೆ ‘ತುಂಬಿದೆ’. ಹಾಗಾದರೆ ‘ತುಂಬಿ ತುಳುಕ್ತಾ ಇದೆ’ ಎಂದರೆ ಕರಟವನ್ನು ನೆಕ್ಕಿದ್ದೂ ಆಗಿರಬೇಕು. ಅವನು ಮತ್ತೆ ಹೋದ. ಆ ದಿನ ಎರಡು ಪಟ್ಟು ತಂದ. ಕರಟ ಸಾಲದೆ ಏಳು ಕರಟಗಳಿಗೆ ಹುಣಿಸೆಯೇ ಆಯಿತು. ಉಗ್ರಾಣದ ಮುಂದೆ ಹಾದು ಹೋದ ಇರುವೆಗೆ ಹಲ್ಲು ಜುಮ್ಮೆಂದಿತಂತೆ.

ಡೊಳ್ಳಪ್ಪನ ಸೊಂಟ ಹಿಡಿದುಕೊಂಡಿತು. ಅವನು ಮಲಗಿಕೊಂಡು, ತನ್ನೊಳಗೇ ಒಂದು ತೀರ್ಮಾನ ಮಾಡಿದ: ಇನ್ನು ಮೇಲೆ ‘ತುಂಬಿದೆ’ ಎಂದರೆ ತುಂಬಿದೆ ಎಂದೇ ಅರ್ಥ. ಈ ತೀರ್ಮಾನವನ್ನು ಹೆಂಡತಿಗೆ ಹೇಳಬೇಕೆಂದು ಅವನಿಗೆ ಹೊಳೆಯಲಿಲ್ಲ.

“ರೀ, ರಾಗಿ ತುಂಬಿದೆ,” ಎಂದಳು ಸಣ್ಣಮ್ಮ.

“ಭೇಷ್.”

“ತೊಗರಿನೂ ತುಂಬಿದೆ. ಅವರೆನೂ ತುಂಬಿದೆ.”

“ಗೊತ್ತು, ಗೊತ್ತು,” ಎಂದು ಡೊಳ್ಳಪ್ಪ ಮಗ್ಗುಲು ಬದಲಿಸಿದ.

ಗೊತ್ತಿದ್ದರೆ ಆಯಿತು, ಸೊಂಟ ಸರಿಹೋದ ಮೇಲೆ ತರುತ್ತಾರೆ ಎಂದುಕೊಂಡಳು ಸಣ್ಣಮ್ಮ. ಐದು ದಿನ ಅವಳು ಹೇಳುತ್ತಲೇ ಇದ್ದಳು. ಐದು ದಿನವೂ ಅವನಿಗೆ ಗೊತ್ತಿತ್ತು.

ಆರನೆಯ ದಿನ ಏರಿಯ ಮೇಲೆ ಒಂದು ಎತ್ತಿನಗಾಡಿ ಬಂತು. ಗುಂಡಿಗೆ ಚಕ್ರ ಇಳಿದು ಗಾಡಿ ವಾಲಿತು. ಒಂದು ಚೀಲ ರಾಗಿ, ಒಂದು ಚೀಲ ತೊಗರಿ ಉರುಳಿ ಬಿದ್ದು ಬಾಯಿ ಬಿಚ್ಚಿಕೊಂಡವು. ಚೀಲವೆಂದರೆ ಈಗಿನ ಕಾಲದ ಚೀಲವಲ್ಲ. ಗಾಡಿಯವನು ಬಾಚಿ ಬಾಚಿ ತುಂಬಿಕೊಂಡು, ಬೇಸತ್ತು, ಹೋದ ಮೇಲೂ ಏರಿ ಅರ್ಧ ಹರದಾರಿಯಷ್ಟು ಕೆಂಪಗಿತ್ತು. ಬಾನಿನಲ್ಲಿ ಹೋಗುತ್ತಿದ್ದ ಹದ್ದು ಹೊತ್ತು ಮುಳುಗಿತೆಂದು ತಿಳಿದು ಗೂಡಿಗೆ ಮರಳಿತು.

ಹೀಗೆ ಸಿಕ್ಕಿದ್ದನ್ನು ಅಲ್ಲಿ ಯಾರೂ ಕಿತ್ತಾಡಿ ತಿನ್ನುವಂತಿರಲಿಲ್ಲ. ಹಂಚುವವನು ಚಿಪ್ಪಜ್ಜನೆಂಬ ಮುದಿ ಆಮೆ. ಈ ಕೆರೆ ತೋಡುವಾಗ ಗುದ್ದಲಿ ಎತ್ತಿ ಕೊಟ್ಟವನೇ ತಾನು ಎನ್ನುತ್ತಿದ್ದ. ಅಲ್ಲವೆನ್ನುವಷ್ಟು ಹಳಬರು ಯಾರೂ ಉಳಿದಿರಲಿಲ್ಲ.

ಎಲ್ಲರೂ ಹುಣಿಸೆಮರದ ಕೆಳಗೆ ಸೇರಿದರು.

“ಮಳೆ ಇವತ್ತೋ ನಾಳೆನೋ,” ಎಂದ ಚಿಪ್ಪಜ್ಜ. “ಯಾರ ಮನೇಲಿ ಏನಿಲ್ಲ, ಬಾಯಿ ಬಿಟ್ಟು ಹೇಳಿ. ಇಲ್ಲದವರಿಗೆ ಮೊದಲು. ಇರೋರಿಗೆ ಉಳಿದ್ರೆ ನೋಡಣ.”

ಮರದ ಮೇಲಿಂದ ಗೆರೆಯಮ್ಮನೆಂಬ ಅಳಿಲು ಸರಸರ ಇಳಿದಳು.

“ಅಜ್ಜ, ನಮ್ಮನೇಲಿ ರಾಗಿ ಇಲ್ಲ, ಬೇಳೆ ಇಲ್ಲ, ನನಗೆ ಬುದ್ಧಿನೂ ಇಲ್ಲ. ಸುಗ್ಗೀಲಿ ಹೂತಿಟ್ಟಿದ್ದು ಎಲ್ಲಿ ಅಂತ ಮರ್ತೇ ಹೋಗಿದೆ!”

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ಗೆರೆಯಮ್ಮನೇ ನಕ್ಕಳು. ನಗುತ್ತಲೇ ಎರಡೂ ಕೆನ್ನೆ ತುಂಬ ಕಾಳು ತುಂಬಿಕೊಂಡು, ಮೇಲೆ ಹೋಗಿ, ಇಳಿದು, ಮತ್ತೆ ತುಂಬಿಕೊಂಡಳು. ಡೊಳ್ಳಪ್ಪನಿಗೆ ಅವಳನ್ನು ನೋಡಲಾಗಲಿಲ್ಲ. ಇಷ್ಟು ಜನರ ಎದುರು ಹೀಗೆ ಹೇಳಿಕೊಳ್ಳಲು ಅವಳಿಗೆ ಬಾಯಾದರೂ ಹೇಗೆ ಬಂತು!

ಆಮೇಲೆ ಕಲ್ಲಜ್ಜಿ ಬಂದಳು. ಅವಳು ಮುದಿ ಏಡಿ. ಅವಳು ಇರುತ್ತಿದ್ದ ಮಾಟೆಗೂ ಡೊಳ್ಳಪ್ಪನ ಉಗ್ರಾಣಕ್ಕೂ ನಡುವೆ ಒಂದೇ ಗೋಡೆ. “ನನಗೂ ರಾಗಿ ಇಲ್ಲ ಕಣಯ್ಯ. ಒಂದು ಹೊಟ್ಟೆಗೆ ಆಗೋಷ್ಟು ಹಾಕು,” ಎಂದಳು. ಹಾಕಿಸಿಕೊಂಡಳು.

“ಡೊಳ್ಳಪ್ಪ, ನಿಮ್ಮನೇಲಿ?”

ಡೊಳ್ಳಪ್ಪ ಹೊಟ್ಟೆ ಸವರಿಕೊಂಡ. “ನಮ್ಮನೇಲಾ? ಒಳ್ಳೆ ಕೇಳ್ದೆ ಅಜ್ಜ. ಎಲ್ಲಾ ತುಂಬಿದೆ.”

ಹಿಂದೆ ಸಣ್ಣಮ್ಮ ನಿಂತಿದ್ದಳು, ಕೊರಳಿಗೆ ಎರಡು ಮರಿ, ಬೆನ್ನಿಗೆ ಐದು. ಅವಳು ಗಂಡನ ಬಾಲ ಜಗ್ಗಿದಳು.

“ರೀ, ರಾಗಿ ತುಂಬಿದೆ ಕಣ್ರೀ!”

“ಕೇಳಿದ್ರಾ?” ಎಂದ ಡೊಳ್ಳಪ್ಪ ಸಭೆಯತ್ತ ತಿರುಗಿ. “ನಾನೊಬ್ಬನೇ ಹೇಳೋ ಮಾತಲ್ಲ.”

“ಅದಲ್ರೀ! ತುಂಬಿದೆ! ಪೂರ್ತಿ ತುಂಬಿದೆ! ತಳ ಕಾಣೋ ಹಂಗೆ ತುಂಬಿದೆ!”

ಗೆರೆಯಮ್ಮ ತಲೆ ಕೆರೆದುಕೊಂಡಳು. “ತಳ ಕಾಣೋ ಹಂಗೆ ತುಂಬೋದು ಹೆಂಗಮ್ಮ?”

ಡೊಳ್ಳಪ್ಪನ ಎದೆಯಲ್ಲಿ ಆಗ ಸಾಸಿವೆಕಾಳಿನಷ್ಟು ಅನುಮಾನ ಹುಟ್ಟಿತು. ಹೆಂಡತಿಯ ಮುಖ ನೋಡಿದ. ಅವಳ ಕಣ್ಣು ಬಿಲದ ಕಡೆ ಹೊರಳಿತು, ಮೀಸೆ ಒಮ್ಮೆ ಕುಣಿಯಿತು. ಅನುಮಾನ ಹುರುಳಿಕಾಳಿನಷ್ಟಾಯಿತು. ಆದರೆ ಸುತ್ತ ಇಡೀ ಕೆರೆ ನಿಂತಿತ್ತು. ಅವನ ಮನೆಯಲ್ಲಿ ಉಂಡು ಹೋದವರೆಲ್ಲ ಅಲ್ಲಿದ್ದರು. ಬೆಲ್ಲದ ದಿನದ ಕಪ್ಪೆಯೂ ಮುಂದೇ ಕೂತಿತ್ತು, ಕಣ್ಣರಳಿಸಿಕೊಂಡು.

ಡೊಳ್ಳಪ್ಪ ಅನುಮಾನವನ್ನು ನುಂಗಿಕೊಂಡ.

“ಕಾಳು ಅಷ್ಟು ಹೊಳೀತವೆ ಅಂತ ಅವಳ ಮಾತಿನ ಅರ್ಥ,” ಎಂದ. “ನಮ್ಮ ಪಾಲು ಕಲ್ಲಜ್ಜಿಗೇ ಹಾಕಿಬಿಡಿ. ಪಾಪ, ವಯಸ್ಸಾದ ಜೀವ.”

ಸಭೆ ಹೌದೌದೆಂದಿತು. ಕಲ್ಲಜ್ಜಿ ಎರಡೂ ಕೊಂಡಿ ಎತ್ತಿ ಹರಸಿದಳು. ಸಣ್ಣಮ್ಮ ಮರಿಗಳನ್ನು ಸರಿಮಾಡಿಕೊಂಡು ಮನೆಯ ಕಡೆ ನಡೆದಳು.

ಡೊಳ್ಳಪ್ಪ ಹಿಂದೆ ಬಂದು ಪಡಸಾಲೆಯಲ್ಲಿ ನಿಂತು, ತಗ್ಗಿದ ದನಿಯಲ್ಲಿ ಕೇಳಿದ: “ರಾಗಿ ತುಂಬಿದೆ ಅಂದ್ಯಲ್ಲ, ಅದು ಯಾವ ತುಂಬಿದೆ?”

“ಆ ತುಂಬಿದೆ.”

“ಆ ತುಂಬಿದೆನಾ? ಮತ್ತೆ ಈ ತುಂಬಿದೆ ಅಲ್ಲ ಅಂತ ಹೇಳೋಕೇನಾಗಿತ್ತು?”

“ಇಲ್ಲ ಅನ್ನೋಕೆ ನೀವೆಲ್ಲಿ ಬಿಟ್ಟಿದೀರಾ?”

ಡೊಳ್ಳಪ್ಪ ಬಾಗಿಲಿನತ್ತ ನೋಡಿದ. ಈಗಲೂ ಓಡಿಹೋಗಿ ಕೇಳಬಹುದಿತ್ತು. ಅವನ ಒಂದು ಕಾಲು ಮುಂದೆ ಹೋಯಿತು, ಮೂರು ಕಾಲು ಹೋಗಲಿಲ್ಲ. ಅಷ್ಟರಲ್ಲಿ ಗುಡುಗಿತು. ಇದು ತೇಗಲ್ಲ, ನಿಜವಾದ ಗುಡುಗು.

ಅಂಥ ಮಳೆಯನ್ನು ಆಮೇಲೆ ಯಾರೂ ನೋಡಿಲ್ಲ. ಒಂದೊಂದು ಹನಿಯೂ ಕುಂಬಳಕಾಯಿ ಗಾತ್ರ. ಕೆರೆಯ ಮೀನುಗಳು ಮಳೆಯ ಧಾರೆ ಹಿಡಿದು ಮೋಡದವರೆಗೆ ಈಜಿಹೋಗಿ, ಮೇಲೆ ಚಳಿಯೆಂದು ಇಳಿದು ಬಂದವು. ಡೊಳ್ಳಪ್ಪ ಬಿಲದ ಬಾಯಿಗೆ ಮಣ್ಣು ಮೆತ್ತಿದ. ಒಂಬತ್ತು ಜೀವಗಳು ಒಳಗುಳಿದವು.

ಒಳಗೆ ಇದ್ದದ್ದು ಇಷ್ಟು: ಒಂದು ಬೊಗಸೆ ಹುರುಳಿ, ಉಪ್ಪು, ಸ್ವಲ್ಪ ಮೆಣಸಿನಕಾಯಿ, ಒಗ್ಗರಣೆಗೆ ಸಾಸಿವೆ. ಮತ್ತೆ ಏಳು ಕರಟ ಹುಣಿಸೆ.

ಸಣ್ಣಮ್ಮ ದಿನಾ ಸಾರು ಮಾಡಿದಳು. ಬೆಳಿಗ್ಗೆ ಹುಣಿಸೆ ಸಾರು, ಸಂಜೆ ಹುಣಿಸೆ ಸಾರು. ಅದರಲ್ಲಿ ಎಣಿಸಿದಂತೆ ಒಂಬತ್ತು ಹುರುಳಿಕಾಳು. ಸಾರಿಗೆ ಜೊತೆಯಾಗಿ ಮುದ್ದೆ ಇರಲಿಲ್ಲ. ಒಂದು ವಾರಕ್ಕೆ ಹುರುಳಿಯೂ ಮುಗಿದುಹೋಯಿತು. ಉಣ್ಣದ ತಾಯಿಗೆ ಹಾಲು ಎಲ್ಲಿಂದ ಬರಬೇಕು? ಮರಿಗಳು ಹುಳಿ ನೀರಿಗೆ ಬಾಯಿ ಹಾಕಿ, ಮುಖ ಹಿಂಡಿ, ಅಳುತ್ತಿದ್ದವು.

“ನೀವೂ ಒಂದು ಗುಟುಕು ಕುಡೀರಿ,” ಎನ್ನುತ್ತಿದ್ದಳು ಸಣ್ಣಮ್ಮ.

“ನನಗೆ ಹೊಟ್ಟೆ ತುಂಬಿದೆ,” ಎನ್ನುತ್ತಿದ್ದ ಡೊಳ್ಳಪ್ಪ.

ಅದು ಯಾವ ತುಂಬಿದೆ ಎಂದು ಅವಳು ಕೇಳಲಿಲ್ಲ.

ದಿನಗಳು ಹೋದವು. ಡೊಳ್ಳಪ್ಪನ ಹೊಟ್ಟೆ ಇಳಿಯಿತು. ಚರ್ಮ ಜೋಲು ಬಿತ್ತು. ಹದಿಮೂರನೆಯ ದಿನ ಅವನು ಉಗ್ರಾಣದ ಬಾಗಿಲಿಗೆ ಒರಗಿ ಕೂತಿದ್ದವನು ಸುಮ್ಮನೆ ತಲೆ ಒಳಗೆ ಹಾಕಿದ. ತಲೆಯ ಹಿಂದೆ ಸೊಂಟವೂ ಬಂತು. ಎಷ್ಟೋ ಕಾಲದ ಮೇಲೆ ಅವನು ತನ್ನ ಉಗ್ರಾಣದಲ್ಲಿ ನಿಂತಿದ್ದ.

ಅವನು ಅಕ್ಕಿಯ ಕರಟ ಬಗ್ಗಿ ನೋಡಿದ. ತೊಗರಿಯದು ನೋಡಿದ. ಅವರೆಯದು ನೋಡಿದ. ಕೊನೆಗೆ ದೊಡ್ಡ ಕರಟ, ರಾಗಿಯದು. ಅದರ ತಳದಲ್ಲಿ ಉದ್ದುದ್ದ ಗೀರುಗಳಿದ್ದವು. ಸಣ್ಣಮ್ಮ ಉಗುರಿನಿಂದ ಕೆರೆದ ಗುರುತು. ಒಂದೆರಡಲ್ಲ, ತಳದ ತುಂಬ.

ಡೊಳ್ಳಪ್ಪ ಆ ಗೀರುಗಳನ್ನು ನೋಡುತ್ತ ನಿಂತ. ಅಡುಗೆಮನೆಯಲ್ಲಿ ಮರಿಗಳು ಅಳುತ್ತಿದ್ದವು. ಅವನು ಎಣಿಸಿದ. ಆರು ದನಿ. ಹುರುಳಿಕಾಯಿಯಂಥ ಏಳನೆಯದು ಅಳುವುದನ್ನು ಬಿಟ್ಟಿತ್ತು. ಸಣ್ಣಮ್ಮ ಅದನ್ನು ಹೊಟ್ಟೆಗೆ ಒತ್ತಿ ಹಿಡಿದು ಬೆಚ್ಚಗೆ ಮಾಡುತ್ತಿದ್ದಳು.

ಡೊಳ್ಳಪ್ಪ ಉಗ್ರಾಣದ ಹಿಂಗೋಡೆ ತಟ್ಟಿದ.

“ಕಲ್ಲಜ್ಜಿ.”

“ಯಾರದು? ಓಹೋ, ದೊರೆನಾ? ಏನಪ್ಪಾ?”

ಡೊಳ್ಳಪ್ಪನ ಬಾಯಿಗೆ ಮಾತು ಬಂತು, ನಾಲಿಗೆ ಅದನ್ನು ಒಳಗೆ ಕಳಿಸಿತು. ಮತ್ತೆ ಬಂತು.

“ಏನಿಲ್ಲ ಅಜ್ಜಿ,” ಎಂದ ಕಷ್ಟಪಟ್ಟು.

“ಏನಿಲ್ಲದಿದ್ರೆ ಗೋಡೆ ಯಾಕೆ ಕುಟ್ತೀಯ? ಸುಮ್ನೆ ಬಿದ್ಕೋ.”

“ಅಲ್ಲ ಅಜ್ಜಿ. ಏನಿಲ್ಲ ಅಂದ್ರೆ, ಏನೂ ಇಲ್ಲ.”

“ಅದೇ ನಾನೂ ಹೇಳಿದ್ದು. ಏನೂ ಇಲ್ಲ ತಾನೇ? ನೆಮ್ಮದಿಯಾಗಿರು.”

ಡೊಳ್ಳಪ್ಪ ಗೋಡೆಗೆ ಹಣೆಯೊತ್ತಿದ. ಕಣ್ಣು ಮುಚ್ಚಿದ.

“ಕಲ್ಲಜ್ಜಿ, ನಮ್ಮನೇಲಿ ರಾಗಿ ಇಲ್ಲ!”

ಮಾತು ಹೊರಬಿತ್ತು. ಅಡುಗೆಮನೆಯಲ್ಲಿ ಸಣ್ಣಮ್ಮ ತಲೆಯೆತ್ತಿದಳು. ಕರಟಗಳು ಸುಮ್ಮನಿದ್ದವು. ಅವಕ್ಕೆ ಕೇಳಿಸಿದ ಹಾಗೆ ಕಾಣಲಿಲ್ಲ.

ಗೋಡೆಯಾಚೆ ಕಲ್ಲಜ್ಜಿ ಕಿಸಕ್ಕನೆ ನಕ್ಕಳು.

“ಮುದುಕೀನ ಆಡಿಸ್ತೀಯೇನೋ, ಡೊಳ್ಳಾ? ಕೆರೆ ಮಂದಿ ಎದುರು ಎಲ್ಲಾ ತುಂಬಿದೆ ಅಂದೋನು ನೀನು. ನಿನ್ನ ಪಾಲೂ ನನಗೇ ಹಾಕಿಸಿದೋನು. ನಿಮ್ಮನೇಲಿ ರಾಗಿ ಇಲ್ದಿದ್ರೆ ಇನ್ನು ಕೆರೇಲಿ ನೀರೂ ಇಲ್ಲ ಅನ್ನು!”

“ನಿಜ ಅಜ್ಜಿ. ಇಲ್ಲ.”

“ಹೋಗೋ ಹೋಗೋ.”

ಇಷ್ಟು ವರ್ಷ ಅವನು ಹೇಳಿದ್ದೆಲ್ಲವನ್ನೂ ಕೆರೆ ನಂಬಿತ್ತು. ಮೊದಲ ಸಲ ಅವನು ನಿಜ ಹೇಳಿದಾಗ ಒಬ್ಬ ಮುದುಕಿ ನಂಬಲಿಲ್ಲ. ಡೊಳ್ಳಪ್ಪ ಹೆಂಡತಿಯ ಕಡೆ ನೋಡಿದ. ಅವಳು ಕೈಯಲ್ಲಿದ್ದ ಮರಿಯನ್ನು ಸ್ವಲ್ಪ ಎತ್ತಿ ತೋರಿಸಿದಳು. ಅದರ ಕುತ್ತಿಗೆ ಒಂದು ಕಡೆ ಬಿದ್ದಿತ್ತು.

“ಬಂದು ನೋಡಜ್ಜಿ,” ಎಂದ ಡೊಳ್ಳಪ್ಪ. “ನೀನೇ ಬಂದು ನೋಡು.”

ಹಾಗೆಂದು ಅವನು ಗೋಡೆ ತೋಡತೊಡಗಿದ. ಹೊಟ್ಟೆಯಲ್ಲಿ ಏನೂ ಇಲ್ಲದವನ ಕೈಗೆ ಎಷ್ಟು ಬಲವಿದ್ದೀತು? ಆದರೂ ಅವನು ತೋಡಿದ ಮಣ್ಣು ಹಿಂದಕ್ಕೆ ಹಾರಿ ಪಡಸಾಲೆಯಲ್ಲಿ ಗುಡ್ಡೆ ಬಿತ್ತು. ಆ ಗುಡ್ಡೆಗೆ ಈಗಲೂ ಜನ ಹೆಗ್ಗಣಗುಡ್ಡ ಎನ್ನುತ್ತಾರೆ, ಅದರ ಮೇಲೆ ದನ ಮೇಯುತ್ತವೆ.

ತೂತು ದೊಡ್ಡದಾಯಿತು. ಕಲ್ಲಜ್ಜಿ ಅಡ್ಡಡ್ಡಲಾಗಿ ಒಳಗೆ ಬಂದಳು. ಡೊಳ್ಳಪ್ಪನನ್ನು ನೋಡಿ ಮೊದಲಿಗೆ ಬೇರೆ ಯಾರೋ ಎಂದುಕೊಂಡಳು. ಆಮೇಲೆ ಕರಟದಿಂದ ಕರಟಕ್ಕೆ ಹೋದಳು. ಅವಳ ದನಿ ದೊಡ್ಡದು.

“ಅಕ್ಕಿ?”

“ಇಲ್ಲ,” ಎಂದ ಡೊಳ್ಳಪ್ಪ.

“ತೊಗರಿ?”

“ಇಲ್ಲ.”

“ಅವರೆ? ಹುರುಳಿ? ಬೆಲ್ಲ?”

“ಇಲ್ಲ. ಇಲ್ಲ. ಇಲ್ಲ ಅಜ್ಜಿ.”

ಪ್ರತಿ ಸಲವೂ ಅವನ ಕಿವಿ ಕೆಂಪಾಯಿತು. ರಾಗಿಯ ಕರಟದ ಮುಂದೆ ಕಲ್ಲಜ್ಜಿ ಬಗ್ಗಿ, ತಳದ ಗೀರುಗಳ ಮೇಲೆ ಕೊಂಡಿ ಆಡಿಸಿದಳು. ಅದೊಂದನ್ನು ಅವಳು ಕೇಳಲಿಲ್ಲ.

“ಎಷ್ಟು ದಿನದಿಂದ ಹಿಂಗೆ?”

“ಮಳೆ ಹಿಡಿಯೋಕೆ ಮುಂಚಿಂದ.”

“ಸಭೆ ದಿನವೂ?”

“ಸಭೆ ದಿನವೂ.”

ಕಲ್ಲಜ್ಜಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. “ಎಂಥಾ ಗಂಡಸು ಸಿಕ್ಕಿದಾನಮ್ಮ ನಿನಗೆ,” ಎಂದು ಸಣ್ಣಮ್ಮನಿಗೆ ಹೇಳಿ, ತೂತಿನಲ್ಲಿ ಹಿಂದಕ್ಕೆ ಹೋದಳು. ಹೋದವಳು ಎರಡು ಕೊಂಡಿಯ ತುಂಬ ರಾಗಿ ತಂದಳು. ಮತ್ತೆ ಹೋಗಿ ತಂದಳು.

“ಇದು ನಿಮ್ಮ ಪಾಲೇ. ಅರ್ಧ ನಾನು ತಿಂದಾಗಿದೆ, ಅದನ್ನ ಕೇಳಬೇಡ. ಮೊದಲು ಆ ಕೂಸಿಗೆ ತೆಳ್ಳಗೆ ಒಂದು ಅಂಬಲಿ ಕಾಯಿಸು. ಉಳಿದೋರ ಮನೆಗೆ ನಾನು ಹೋಗಿ ಬರ್ತೀನಿ.”

“ಉಳಿದೋರಿಗೆ ಹೇಳ್ತೀಯಾ ಅಜ್ಜಿ?” ಎಂದ ಡೊಳ್ಳಪ್ಪ.

“ಹೇಳದೆ ಕೇಳೋದು ಹೆಂಗೋ?”

ಅವಳ ಮಾಟೆಗೆ ನೀರಿನ ಕಡೆ ಇನ್ನೊಂದು ಬಾಗಿಲಿತ್ತು. ಮಳೆ ಏಡಿಯನ್ನು ಏನು ಮಾಡೀತು? ಅವಳು ಹುಣಿಸೆಮರ ಹತ್ತಿ ಗೆರೆಯಮ್ಮನಿಗೆ ಹೇಳಿದಳು. ದಡಕ್ಕೆ ಹೋಗಿ ಚಿಪ್ಪಜ್ಜನಿಗೆ ಹೇಳಿದಳು. ದಾರಿಯಲ್ಲಿ ಆ ಕಪ್ಪೆ ಸಿಕ್ಕಿತು, ಅದಕ್ಕೂ ಹೇಳಿದಳು. ಮತ್ತೆ ಯಾರಿಗೂ ಹೇಳುವ ಕೆಲಸ ಅವಳಿಗೆ ಉಳಿಯಲಿಲ್ಲ. ಡೊಳ್ಳಪ್ಪನ ಮನೆಯಲ್ಲಿ ರಾಗಿ ಇಲ್ಲವಂತೆ ಎಂದು ಇಡೀ ಕೆರೆ ಮಳೆಯ ಸದ್ದನ್ನೂ ಮೀರಿ ವಟಗುಟ್ಟಿತು. ಒಳಗೆ ಕೂತ ಡೊಳ್ಳಪ್ಪನಿಗೆ ಪ್ರತಿಯೊಂದು ಮಾತೂ ಕೇಳಿಸಿತು. ಅವನು ಒಲೆಯ ಮುಂದೆ ಕೂತು ಅಂಬಲಿ ತಿರುವುತ್ತಿದ್ದ.

ಸಂಜೆಯಾಗುವ ಮೊದಲು ಕಲ್ಲಜ್ಜಿ ತಾವರೆ ಎಲೆಯ ಗಂಟುಗಳನ್ನು ಎಳೆದುಕೊಂಡು ಬಂದಳು. ಚಿಪ್ಪಜ್ಜನ ಕಡೆಯಿಂದ ಅಕ್ಕಿ. ಗೆರೆಯಮ್ಮನ ಕಡೆಯಿಂದ ತೊಗರಿ.

“ಹೂತಿಟ್ಟಿದ್ದು ಎಲ್ಲಿ ಅಂತ ನೆನಪಾಯ್ತಂತೆ ಅವಳಿಗೆ,” ಎಂದಳು ಕಲ್ಲಜ್ಜಿ. “ಕಪ್ಪೆ ಒಂದು ಚೂರು ಬೆಲ್ಲ ಕೊಟ್ಟಿದೆ. ಬೇಡ ಅನ್ನಬೇಡ. ನಿಮ್ಮನೇಲಿ ಎಷ್ಟು ಸಲ ಉಂಡಿದೆ ಅದು.”

ಸಣ್ಣಮ್ಮ ಅಂಬಲಿಗೆ ಆ ಬೆಲ್ಲ ಹಾಕಿ ಕದಡಿದಳು. ಆರು ಮರಿಗಳು ಪಾತ್ರೆಗೆ ಮುಗಿಬಿದ್ದವು. ಏಳನೆಯದಕ್ಕೆ ಅವಳು ಒಂದು ಚಿಪ್ಪಿನಲ್ಲಿ ಅಂಬಲಿ ತೆಗೆದಿಟ್ಟು, ಬೆರಳು ಅದ್ದಿ ಬಾಯಿಗೆ ಸವರಿದಳು. ಅದು ನುಂಗಲಿಲ್ಲ. ಮತ್ತೆ ಸವರಿದಳು. ಡೊಳ್ಳಪ್ಪ ಅದರ ಗಂಟಲನ್ನೇ ನೋಡುತ್ತಿದ್ದ. ಮೂರನೆಯ ಸಲ ಗಂಟಲು ಅಲುಗಿತು. ನಾಲ್ಕನೆಯ ಸಲ ಅದು ತಾಯಿಯ ಬೆರಳು ಕಚ್ಚಿತು. ಆಮೇಲೆ ಬೆರಳು ಸಾಲದೆಂದು ಚಿಪ್ಪಿಗೇ ಬಾಯಿ ಹಾಕಿ, ಕೊನೆಯ ಹನಿಯವರೆಗೆ ಹೀರಿ, ತಲೆಯೆತ್ತಿ ಇನ್ನೂ ಬೇಕೆಂದು ಕಿರುಚಿತು.

“ಮುಗೀತು ಕಂದ,” ಎಂದಳು ಸಣ್ಣಮ್ಮ. “ಇನ್ನಿಲ್ಲ. ಇನ್ನು ನಾಳೆ.”

ಅವಳು ಅದನ್ನು ಗಟ್ಟಿಯಾಗಿಯೇ ಹೇಳಿದಳು. ಗೋಡೆಯ ತೂತು ತೆರೆದೇ ಇತ್ತು.

“ನಾಳೆಗೆ ಎಷ್ಟು ಬೇಕೋ, ಡೊಳ್ಳಾ?” ಎಂದು ಆಚೆಯಿಂದ ಕಲ್ಲಜ್ಜಿ ಕೂಗಿದಳು.

ಡೊಳ್ಳಪ್ಪ ಎದ್ದು ಉಗ್ರಾಣಕ್ಕೆ ಹೋಗಿ, ದೊಡ್ಡ ಕರಟದೊಳಗೆ ಕೈಯಿಟ್ಟು ಅಳೆದು ನೋಡಿದ.

“ಒಂದು ಬೊಗಸೆ ಸಾಲದು ಅಜ್ಜಿ,” ಎಂದ. “ಎರಡು ಬೇಕು.”

ನೀತಿ: ಮನೆಯಲ್ಲಿ ಏನಿಲ್ಲವೆಂದು ಕಣ್ಣಾರೆ ನೋಡಿ ಬಾಯಿಬಿಟ್ಟು ಹೇಳುವವನಿಗೆ ಕೊಡುವವರು ಸಿಗುತ್ತಾರೆ, ಜಂಭಕ್ಕೆ ತುಂಬಿದೆ ಎಂದವನ ಹಸಿವನ್ನು ಅವನ ಮಕ್ಕಳು ಉಣ್ಣಬೇಕಾಗುತ್ತದೆ.